ಒಂದು ಅಡ್ಡಗೆರೆ ಉಳಿದಾಗ



ಕಲಬುರಗಿ, ವಾಡಿ, ರಾಯಚೂರು ಕಡೆಯಿಂದ ಮುಂಬಯಿ ರೈಲು ಹತ್ತಿದವರಿಗೆ ದೌಂಡ ಹೊಸ ಊರಲ್ಲ. ಸೊಲ್ಲಾಪುರ, ಕುರ್ಡುವಾಡಿ ದಾಟಿದ ಮೇಲೆ, ಪುಣೆ ಇನ್ನೂ ಸುಮಾರು 75 ಕಿಲೋಮೀಟರು ಇದೆ ಅನ್ನುವಾಗ ಸಿಗುವ ದೊಡ್ಡ ಜಂಕ್ಷನ್ ಅದು. ಊರು ಭೀಮಾ ನದಿಯ ದಂಡೆಯ ಮೇಲಿದೆ. ಅದೇ ಭೀಮೆ ಪಂಢರಪುರ, ಗಾಣಗಾಪುರಗಳನ್ನು ಮುಟ್ಟಿಕೊಂಡು ಹೋಗಿ ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. 1878ರಲ್ಲಿ ಮನಮಾಡಿನ ಹಾದಿ ತೆರೆದಂದಿನಿಂದ ದೌಂಡ ರೈಲ್ವೆಯವರ ಊರು. ಆ ಕೆಲಸದ ಬೆನ್ನು ಹತ್ತಿ ನಮ್ಮ ಕಡೆಯ ಕನ್ನಡ ಮನೆತನಗಳೂ ಅಲ್ಲಿಗೆ ಹೋಗಿ ನೆಲೆಸಿದವು. ನಾನು ಅಂಥ ಒಂದು ಮನೆಯವನು. ರೇಡಿಯೋ, ಟಿವಿ ದುರಸ್ತಿ ನನ್ನ ಕಸುಬು. ಆ ಕಸುಬಿನ ಒಂದು ಮೂಲೆಯ ಕೆಲಸವನ್ನು, ಅಂದರೆ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳ ಪರದೆಯನ್ನು ರಿಪೇರಿ ಮಾಡುವುದನ್ನು ಕುರಿತು ಇವತ್ತು ರೇಡಿಯೋದಲ್ಲಿ ನಿಮ್ಮೊಡನೆ ಮಾತಾಡುತ್ತೇನೆ.

ಪುಣೆಯಿಂದ ಮನಮಾಡ್ ಕಡೆಗೆ ಹೋಗುವ ಗಾಡಿಗಳು ಬಹಳ ಕಾಲ ದೌಂಡದಲ್ಲಿ ದಿಕ್ಕು ಬದಲಿಸಬೇಕಾಗಿತ್ತು. ಎಂಜಿನ್ನನ್ನು ಒಂದು ತುದಿಯಿಂದ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವತನಕ ಗಾಡಿ ನಿಲ್ಲುತ್ತಿತ್ತು. ಮುಂದಿನ ಗಾಡಿಗೆ ಕಾಯುವವರಂತೂ ತಾಸುಗಟ್ಟಲೆ ಕಾಯುತ್ತಿದ್ದರು. ಕಾಯುವ ಜನ ಇರುವ ಊರಿನಲ್ಲಿ ಚಹಾದಂಗಡಿ, ಕೇಶಕರ್ತನಾಲಯ, ಟೂರಿಂಗ್ ಟಾಕೀಸು ಹುಟ್ಟುವ ಹಾಗೆಯೇ 1980ರ ದಶಕದ ಕೊನೆಗೆ, 90ರ ದಶಕದಲ್ಲಿ ವಿಡಿಯೋ ಗೇಮ್ ಪಾರ್ಲರುಗಳೂ ಹುಟ್ಟಿದವು. ಹುಬ್ಬಳ್ಳಿ, ಗುಂತಕಲ್ಲು, ಸೊಲ್ಲಾಪುರದವರಿಗೂ ಇದು ನೆನಪಿರಬೇಕು. ಕತ್ತಲೆ ಕೋಣೆ, ಗೋಡೆಗೆ ಒರಗಿಸಿದ ಎತ್ತರದ ಪೆಟ್ಟಿಗೆಗಳು, ಒಂದು ರೂಪಾಯಿಗೆ ಒಂದು ಬಿಲ್ಲೆ. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಅಂತ ಒಂದು ಆಟ ತಂದಿತು. ನಮ್ಮ ಹುಡುಗರು ಆ ಉದ್ದ ಹೆಸರಿನ ಗೋಜಿಗೆ ಹೋಗಲಿಲ್ಲ. ಹಳದಿ ಟೊಪ್ಪಿಗೆಯ ಪಾತ್ರದ ಹೆಸರು ಹಿಡಿದು ‘ಮುಸ್ತಫಾ’ ಅಂದರು. ಇವತ್ತಿಗೂ ಅದು ಮುಸ್ತಫಾನೇ.

ಆ ಪೆಟ್ಟಿಗೆಯ ಹಿಂಬಾಗಿಲು ತೆಗೆದರೆ ಒಳಗೆ ಏನಿರುತ್ತಿತ್ತು? ಪ್ಲೈವುಡ್ಡಿನ ಗೂಡು. ಅದರೊಳಗೆ ಆಟದ ಬೋರ್ಡು. ಅದಕ್ಕೆ 5 ವೋಲ್ಟ್, 12 ವೋಲ್ಟ್ ಕೊಡುವ ಒಂದು ಸಪ್ಲೈ. ಬೋರ್ಡನ್ನು ಪೆಟ್ಟಿಗೆಗೆ ಜೋಡಿಸುವ 56 ಕಾಲುಗಳ ಜಮ್ಮಾ ಕನೆಕ್ಟರು, ಅದರಿಂದ ಹೊರಟ ವೈರುಗಳ ದೊಡ್ಡ ಕಟ್ಟು. ಮಧ್ಯದಲ್ಲಿ ಪಿಕ್ಚರ್ ಟ್ಯೂಬು. ಅಮೆರಿಕ, ಜಪಾನುಗಳಲ್ಲಿ ಇಂಥ ಪೆಟ್ಟಿಗೆಗೆಂದೇ ಬೇರೆ ಮಾನಿಟರುಗಳನ್ನು ತಯಾರಿಸುತ್ತಿದ್ದರು. ನಮ್ಮಲ್ಲಿ ಅವು ಅಪರೂಪ. ಇಲ್ಲಿನ ಕೈಗಳು 20 ಇಂಚಿನ ಬಣ್ಣದ ಟಿವಿಯ ಕವಚ ಕಳಚಿ, ಟ್ಯೂನರನ್ನು ಬದಿಗಿಟ್ಟು, ಕೆಂಪು-ಹಸಿರು-ನೀಲಿ ಸಂಕೇತಗಳನ್ನು ನೇರವಾಗಿ ಅದರ ಬಣ್ಣದ ಐಸಿಗೆ ಕೊಟ್ಟು ಕೆಲಸ ನಡೆಸಿದವು. ಆಟದ ಬೋರ್ಡು ಕಳಿಸುವ ಬಣ್ಣದ ಸಂಕೇತ ಟಿವಿ ಕೇಳುವ 0.7 ವೋಲ್ಟಿಗಿಂತ ಹಲವು ಪಟ್ಟು ಜೋರು. ಅದನ್ನು ತಗ್ಗಿಸಲು ಎಷ್ಟು ಓಮಿನ ರೆಸಿಸ್ಟರು ಹಾಕಬೇಕು ಅನ್ನುವುದನ್ನು ಪುಣೆಯ ತಪಕೀರ್ ಗಲ್ಲಿಯ, ಬೆಂಗಳೂರಿನ ಎಸ್.ಪಿ. ರೋಡಿನ ಮೆಕ್ಯಾನಿಕ್‌ಗಳು ಪುಸ್ತಕ ನೋಡದೆ, ಪರದೆ ನೋಡಿಯೇ ಕಂಡುಕೊಂಡಿದ್ದರು. ಆ ಜಾಣ್ಮೆಯನ್ನು ಯಾರೂ ಬರೆದಿಡಲಿಲ್ಲ. ಅದು ನನಗೆ ನಿಜವಾಗಿ ಬೇಸರದ ಸಂಗತಿ.

ಪಿಕ್ಚರ್ ಟ್ಯೂಬಿನ ಮೂಲವನ್ನು ರೇಡಿಯೋದಲ್ಲಿ ಹೇಳುವುದು ತಕ್ಕದ್ದೇ. 1897ರಲ್ಲಿ ಅದನ್ನು ಮೊದಲು ಮಾಡಿದವನು ಕಾರ್ಲ್ ಫರ್ಡಿನೆಂಡ್ ಬ್ರೌನ್. ಅದೇ ಬ್ರೌನ್ 1909ರಲ್ಲಿ ಮಾರ್ಕೋನಿಯ ಜೊತೆ ನೊಬೆಲ್ ಬಹುಮಾನ ಹಂಚಿಕೊಂಡದ್ದು ಮಾತ್ರ ಟ್ಯೂಬಿಗಾಗಿ ಅಲ್ಲ, ನಿಸ್ತಂತು ಸಂಪರ್ಕದ ಕೆಲಸಕ್ಕಾಗಿ. ಬಾನುಲಿ ಮತ್ತು ಚಿತ್ರದ ಪರದೆ ಎರಡರ ಬೆಳವಣಿಗೆಯಲ್ಲೂ ಅವನ ಕೈ ಇತ್ತು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಿರಿಯರು ಈ ಪರದೆಯನ್ನು ಬೆಂಗಳೂರಿನವರಿಗಿಂತ ಮೊದಲೇ ನೋಡಿದ್ದಾರೆ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಕರ್ನಾಟಕದಿಂದ ಆರಿಸಿದ್ದು ಈ ಮೂರು ಜಿಲ್ಲೆಗಳನ್ನೇ. ಕೋಳಿಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಆಂಟೆನಾ, ಶಾಲೆಯ ಅಂಗಳದಲ್ಲಿ ಕಪ್ಪು-ಬಿಳುಪು ಸೆಟ್ಟು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ.

ಟ್ಯೂಬಿನ ಕೆಲಸ ಹೇಳುವುದಕ್ಕೆ ಸುಲಭ. ಗಾಜಿನ ಕುತ್ತಿಗೆಯಲ್ಲಿ ಒಂದು ಗನ್ನು. ಅದರ ತುದಿ ಕಾದಾಗ ಎಲೆಕ್ಟ್ರಾನುಗಳು ಹೊರಡುತ್ತವೆ. ಬಣ್ಣದ 20 ಇಂಚಿನ ಟ್ಯೂಬಿನಲ್ಲಿ ಸುಮಾರು 25,000 ವೋಲ್ಟು ಅವುಗಳನ್ನು ಪರದೆಯ ಕಡೆ ಎಳೆಯುತ್ತದೆ. ಪರದೆಗೆ ಬಡಿದಲ್ಲಿ ಫಾಸ್ಫರ್ ಮಿನುಗುತ್ತದೆ. ಕುತ್ತಿಗೆಯ ಬುಡಕ್ಕೆ ಸುತ್ತಿದ ತಾಮ್ರದ ಸುರುಳಿಗೆ ಯೋಕ್ ಅನ್ನುತ್ತಾರೆ. ಅದು ಆ ಕಿರಣವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಾಡಿಸುತ್ತದೆ. ಎಡದಿಂದ ಬಲಕ್ಕೆ ಸೆಕೆಂಡಿಗೆ 15,625 ಸಲ, ಮೇಲಿನಿಂದ ಕೆಳಕ್ಕೆ 50 ಸಲ. ಇದು ನಮ್ಮ ದೇಶದ ಟಿವಿಯ ಲೆಕ್ಕ. ಜಪಾನಿನ ಆಟದ ಬೋರ್ಡು ಅಡ್ಡಸಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಓಡಿದರೂ ಮೇಲಿನಿಂದ ಕೆಳಕ್ಕೆ ಸುಮಾರು 60 ಸಲ ಬರೆಯುತ್ತದೆ. ಪಾರ್ಲರಿನಲ್ಲಿ ಚಿತ್ರ ಮೇಲಕ್ಕೆ ಉರುಳುತ್ತಾ ಹೋದದ್ದನ್ನು ನೋಡಿದ್ದರೆ, ಅದು ಈ 50 ಮತ್ತು 60ರ ಜಗಳ. ವರ್ಟಿಕಲ್ ಹೋಲ್ಡ್ ತಿರುಗಿಸಿ ಹಿಡಿದರೆ ನಿಲ್ಲುತ್ತದೆ. ಆದರೆ ಚಿತ್ರ ಸ್ವಲ್ಪ ಗಿಡ್ಡವಾಗುತ್ತದೆ, ಹೈಟ್ ಕಂಟ್ರೋಲನ್ನೂ ಸರಿಪಡಿಸಬೇಕು.

ಈ 15,625 ಅನ್ನುವ ಸಂಖ್ಯೆಗೆ ಒಂದು ದನಿಯಿದೆ. ಹಳೆಯ ಟಿವಿ ಹಚ್ಚಿದ ಮನೆಗೆ ಕಾಲಿಟ್ಟೊಡನೆ ಮಕ್ಕಳಿಗೆ ಒಂದು ಸಣ್ಣ ಶಿಳ್ಳೆ ಕೇಳಿಸುತ್ತಿತ್ತು. ಅಜ್ಜನಿಗೆ ಕೇಳಿಸುತ್ತಿರಲಿಲ್ಲ, ಏಕೆಂದರೆ ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಮೇಲಿನ ಸ್ವರಗಳನ್ನೇ. ಈಗ ಅದನ್ನು ನಿಮಗೆ ಕೇಳಿಸೋಣವೆಂದರೆ ಮೀಡಿಯಂ ವೇವ್ ಪ್ರಸಾರದಲ್ಲಿ ಅಷ್ಟು ಎತ್ತರದ ಸ್ವರ ಬಾರದು. ಆದರೂ ರೇಡಿಯೋಗೆ ಅದು ಗೊತ್ತು. ಹಳೆಯ ಟಿವಿಯ ಪಕ್ಕ ಟ್ರಾನ್ಸಿಸ್ಟರ್ ಇಟ್ಟರೆ ಗರ್ ಅನ್ನುತ್ತಿತ್ತಲ್ಲ, ಅದು ಆ ಸ್ವರದ ಮರಿಗಳ ಗದ್ದಲ. ಪರದೆ ಪೂರ್ತಿ ಕತ್ತಲೆಯಾಗಿರುವ ಮಾನಿಟರು ಬಂದರೆ ನಾನು ಮೀಟರು ಹಿಡಿಯುವ ಮೊದಲು ಒಂದು ಸಣ್ಣ ರೇಡಿಯೋ ಹತ್ತಿರ ಇಟ್ಟು ಮುಳ್ಳು ತಿರುಗಿಸುತ್ತೇನೆ. ರೇಡಿಯೋ ಗದ್ದಲ ಮಾಡಿದರೆ ಅಡ್ಡಸಾಲಿನ ವಿಭಾಗ ಜೀವಂತ ಇದೆ, ತೊಂದರೆ ಬೇರೆ ಕಡೆ. ಅದು ಸುಮ್ಮನಿದ್ದರೆ ಫ್ಯೂಸು, ಸಪ್ಲೈ, ಅಡ್ಡಸಾಲು ಎಳೆಯುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಕಡೆಗೆ ಹೋಗಬೇಕು. ಮುಟ್ಟದೆ ಮಾಡುವ ಪರೀಕ್ಷೆ ಇದು. ಈ ಕೆಲಸದಲ್ಲಿ ಮುಟ್ಟದೆ ಆಗುವುದನ್ನೆಲ್ಲ ಮುಟ್ಟದೆಯೇ ಮಾಡಬೇಕು.

ಯಾಕೆ ಅನ್ನುವುದನ್ನು ಸ್ವಲ್ಪ ನಿಂತು ಹೇಳುತ್ತೇನೆ. ಇದನ್ನು ಕೇಳಿ ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ಕೂತರೆ, ಮಿಕ್ಕದ್ದು ಮರೆತರೂ ಇಷ್ಟು ನೆನಪಿರಬೇಕು.

ಪಿಕ್ಚರ್ ಟ್ಯೂಬು ಗಾಜಿನ ಕಂಡೆನ್ಸರು. ಒಳಗೆ ಒಂದು ಲೇಪ, ಹೊರಗೆ ಒಂದು ಕಪ್ಪು ಲೇಪ, ನಡುವೆ ಗಾಜು. ಸ್ವಿಚ್ ಆರಿಸಿದರೂ, ಪ್ಲಗ್ ಕಿತ್ತರೂ ಸಾವಿರಾರು ವೋಲ್ಟು ಅಲ್ಲೇ ಕೂತಿರಬಹುದು. ಟ್ಯೂಬಿನ ಬೆನ್ನ ಮೇಲೆ ರಬ್ಬರ್ ಬಟ್ಟಲಿನಂಥ ಟೊಪ್ಪಿಗೆ ಇದೆಯಲ್ಲ, ಅದರ ಕೆಳಗೆ. ಆ ಚಾರ್ಜನ್ನು ಇಳಿಸುವ ಕ್ರಮ ಇದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಉದ್ದ ಹಿಡಿಯ, ಚಪ್ಪಟೆ ತುದಿಯ ಸ್ಕ್ರೂಡ್ರೈವರಿನ ಲೋಹಕ್ಕೆ ಒಂದು ಗಟ್ಟಿ ವೈರು ಕಟ್ಟಬೇಕು. ಆ ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಅಡ್ಡವಾಗಿ ಹಾದುಹೋದ ಬರಿಯ ತಾಮ್ರದ ಹೆಣಿಗೆಗೆ ಕ್ಲಿಪ್ ಹಾಕಿ ಸಿಕ್ಕಿಸಬೇಕು. ಎಡಗೈ ಬೆನ್ನ ಹಿಂದೆ. ಬಲಗೈಯಿಂದ ತುದಿಯನ್ನು ರಬ್ಬರಿನ ಅಂಚಿನ ಕೆಳಗೆ ಮೆಲ್ಲನೆ ತೂರಿಸಿ ಒಳಗಿನ ಕೊಂಡಿಗೆ ಮುಟ್ಟಿಸಬೇಕು. ‘ಟಕ್’ ಅನ್ನಬಹುದು, ಅನ್ನದೆಯೂ ಇರಬಹುದು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮುಟ್ಟಿಸಬೇಕು, ಯಾಕೆಂದರೆ ಗಾಜು ಹೀರಿಕೊಂಡಿದ್ದ ಚಾರ್ಜು ನಿಧಾನವಾಗಿ ಮತ್ತೆ ಹೊರಗೆ ಬರುತ್ತದೆ. ಸಪ್ಲೈಯ ದೊಡ್ಡ ಕಂಡೆನ್ಸರಿನಲ್ಲಿ ಬೇರೆ 300 ವೋಲ್ಟಿನ ಮೇಲೆ ಇರುತ್ತದೆ. ಅದನ್ನು ಬಲ್ಬಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ ಆಮೇಲೆ ಕೈ ಹಾಕಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಅನೇಕ ಹಳೆಯ ಸೆಟ್ಟುಗಳಲ್ಲಿ ಚಾಸಿಸ್ಸೇ ಕರೆಂಟಿಗೆ ತಾಕಿರುತ್ತದೆ. ಮನೆಯ ಟಿವಿಗೆ ಪ್ಲಾಸ್ಟಿಕ್ ಕವಚ ಇದ್ದುದರಿಂದ ತೊಂದರೆ ಆಗುತ್ತಿರಲಿಲ್ಲ. ಗೇಮ್ ಪೆಟ್ಟಿಗೆಯಲ್ಲಿ ಅದೇ ಚಾಸಿಸ್ಸಿಗೆ ಆಟದ ಬೋರ್ಡಿನ ಗ್ರೌಂಡು ಸೇರಿಸಿದರೆ ಬಿಲ್ಲೆ ಹಾಕುವ ಲೋಹದ ಬಾಗಿಲು, ಜಾಯ್‌ಸ್ಟಿಕ್ಕಿನ ತಗಡು ಎಲ್ಲಕ್ಕೂ ಕರೆಂಟು. ಆಡುವವರು ಮಕ್ಕಳು. ಅಂಥ ಮಾನಿಟರಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಅದನ್ನು ಹಾಕದೆ ನಾನು ಯಾವ ಪೆಟ್ಟಿಗೆಯನ್ನೂ ಹಿಂದಕ್ಕೆ ಕಳಿಸುವುದಿಲ್ಲ. ಗಿರಾಕಿ ಖರ್ಚು ಹೆಚ್ಚಾಯಿತು ಅಂದರೆ ಕೆಲಸವನ್ನೇ ಬಿಡುತ್ತೇನೆ.

ಈಗ ಒಂದು ಪೆಟ್ಟಿಗೆಯ ವಿಷಯ. ಪಾರ್ಲರ್ ಮುಚ್ಚಿದ ಮೇಲೆ ವರ್ಷಾನುಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದನ್ನು ನಮ್ಮ ಕನ್ನಡ ಮನೆಯ ಒಬ್ಬ ಹುಡುಗ ಕೊಂಡು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ. ಅವರಪ್ಪ ಅದೇ ಪೆಟ್ಟಿಗೆಯಲ್ಲಿ ಆಡಿದವರಂತೆ. ಅಂಥದ್ದನ್ನು ಸೀದಾ ಗೋಡೆಯ ಪ್ಲಗ್ಗಿಗೆ ಹಚ್ಚುವುದಿಲ್ಲ. ನಮ್ಮ ಕಸುಬಿನವರ ಹತ್ತಿರ ಸೀರೀಸ್ ಬೋರ್ಡು ಅಂತ ಇರುತ್ತದೆ. ಒಂದು ಹೋಲ್ಡರಿನಲ್ಲಿ 100 ವಾಟಿನ ಬುರುಡೆ ಬಲ್ಬು, ಅದರ ಮೂಲಕ ಸೆಟ್ಟಿಗೆ ಕರೆಂಟು. ಪರದೆಗೆ ಹತ್ತಿದ ಆಯಸ್ಕಾಂತದ ಗುಣ ಕಳೆಯುವ ಡಿಗಾಸ್ ಸುರುಳಿಯ ಕನೆಕ್ಟರು ಬಿಚ್ಚಿ ಹಚ್ಚಬೇಕು. ಬಲ್ಬು ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್. ಒಮ್ಮೆ ಹೊಳೆದು ಮಂಕಾದರೆ ಸಪ್ಲೈ ಬದುಕಿದೆ. ಏನೂ ಉರಿಯದಿದ್ದರೆ ಎಲ್ಲೋ ಕಡಿದಿದೆ. ಹೊಸ ಹುಡುಗರು ಸಾವಿರಾರು ರೂಪಾಯಿಯ ಉಪಕರಣ ಕೊಳ್ಳುತ್ತಾರೆ, ಒಳ್ಳೆಯದು. ಆದರೆ ಈ ಬಲ್ಬು ಉಳಿಸಿದಷ್ಟು ಟ್ರಾನ್ಸಿಸ್ಟರುಗಳನ್ನು ಬೇರೇನೂ ಉಳಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಲ್ಬು ಹೊಳೆದು ಮಂಕಾಯಿತು. ತುಸು ಹೊತ್ತಿನಲ್ಲಿ ಪರದೆಯ ನಟ್ಟನಡುವೆ ಒಂದು ಹೊಳೆಯುವ ಅಡ್ಡಗೆರೆ ಬಂತು. ಮೇಲೆ ಕತ್ತಲೆ, ಕೆಳಗೆ ಕತ್ತಲೆ. ಸ್ಪೀಕರಿನಲ್ಲಿ ಆಟದ ಸಂಗೀತ ಮಾತ್ರ ಸರಿಯಾಗಿ ಬರುತ್ತಿತ್ತು.

“ಕಾಕಾ, ಟ್ಯೂಬ್ ಹೋಗೇದೇನು?” ಅಂದ ಹುಡುಗ.

“ಟ್ಯೂಬ್ ಛಲೋ ಅದಪ. ಮೊದಲ ಬ್ರೈಟ್‌ನೆಸ್ ಇಳಸು, ಇಲ್ಲಾಂದ್ರ ಆ ಗೆರಿ ಸುಟ್ಟು ಹಂಗೇ ಕೂಡ್ತದ.”

ಅವನು ಇಳಿಸಿದ. ಅದು ಅವಸರದ ಕೆಲಸವೇ. ಇಡೀ ಪರದೆಗೆ ಹರಡಬೇಕಾದ ಕಿರಣವೆಲ್ಲ ಒಂದೇ ಸಾಲಿನಲ್ಲಿ ಸುರಿಯುತ್ತಿದ್ದರೆ ಫಾಸ್ಫರ್ ಕೆಲವೇ ನಿಮಿಷಗಳಲ್ಲಿ ಗಾಯಗೊಳ್ಳಬಹುದು. ಆ ಗಾಯಕ್ಕೆ ಔಷಧ ಇಲ್ಲ.

ಈ ಅಡ್ಡಗೆರೆ ನೋಡಿದವರು ಸೆಟ್ಟು ಸತ್ತೇಹೋಯಿತು ಅಂದುಕೊಳ್ಳುತ್ತಾರೆ. ನನಗಂತೂ ಅದನ್ನು ಕಂಡರೆ ಸಮಾಧಾನ. ಬಹುತೇಕ ಸೆಟ್ಟುಗಳಲ್ಲಿ 25,000 ವೋಲ್ಟು ಹುಟ್ಟುವುದು ಅಡ್ಡಸಾಲಿನ ವಿಭಾಗದಲ್ಲೇ, ಇ.ಎಚ್.ಟಿ. ಟ್ರಾನ್ಸ್‌ಫಾರ್ಮರಿನಿಂದ. ಗನ್ನಿನ ಹೀಟರಿಗೆ ಬೇಕಾದ ಕರೆಂಟೂ ಸಾಮಾನ್ಯವಾಗಿ ಅಲ್ಲಿಂದಲೇ. ಅಡ್ಡಸಾಲಿನ ವಿಭಾಗ ಕೆಟ್ಟರೆ ಗೆರೆಯೂ ಇಲ್ಲ, ಬೆಳಕೂ ಇಲ್ಲ, ಬರಿ ಕತ್ತಲೆ. ಅಡ್ಡಗೆರೆ ಇದೆ ಅಂದರೆ ಫ್ಯೂಸು ಸರಿ, ಸಪ್ಲೈ ಸರಿ, ಲೈನ್ ಟ್ರಾನ್ಸಿಸ್ಟರ್ ಸರಿ, ಇ.ಎಚ್.ಟಿ. ಸರಿ, ಹೀಟರ್ ಸರಿ, ಟ್ಯೂಬಿನಲ್ಲೂ ಜೀವ ಇದೆ. ಕೆಟ್ಟದ್ದು ಮೇಲಿನಿಂದ ಕೆಳಕ್ಕೆ ಎಳೆಯುವ ಒಂದು ಚಿಕ್ಕ ವಿಭಾಗ. ಅದರಲ್ಲಿ ಒಂದು ಐಸಿ, ನಾಲ್ಕೈದು ಕಂಡೆನ್ಸರು, ಯೋಕಿಗೆ ಹೋಗುವ ಎರಡು ವೈರು. ನೆಟ್ಟಗೆ ನಿಂತ ಒಂದೇ ಗೆರೆ ಅಪರೂಪವಾಗಿರುವುದಕ್ಕೂ ಕಾರಣ ಇದೇ. ಅಡ್ಡಸಾಲಿನ ವಿಭಾಗ ಪೂರ್ತಿ ನಡೆಯುತ್ತಿದ್ದು ಯೋಕಿನ ಅಡ್ಡಸಾಲಿನ ಸುರುಳಿಯ ದಾರಿ ಮಾತ್ರ ಕಡಿದಾಗಷ್ಟೇ ಅದು ಕಾಣುತ್ತದೆ.

ಕರೆಂಟು ಆರಿಸಿ, ಟ್ಯೂಬಿನ ಚಾರ್ಜು ಇಳಿಸಿ, ಚಾಸಿಸ್ಸನ್ನು ಮಗುಚಿ ಹಾಕಿ, ದೀಪ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ವರ್ಟಿಕಲ್ ಐಸಿಯ ಕಾಲುಗಳ ಹತ್ತಿರ ಬೆಸುಗೆಯ ಗುಡ್ಡೆಗಳು. ಎರಡರ ಸುತ್ತ ಕೂದಲಿನಷ್ಟು ಸಣ್ಣ ಕಪ್ಪು ಉಂಗುರ. ಇದಕ್ಕೆ ಡ್ರೈ ಸೋಲ್ಡರ್ ಅನ್ನುತ್ತೇವೆ. ಐಸಿ ಹೀಟ್‌ಸಿಂಕಿಗೆ ಬಿಗಿದಿರುತ್ತದೆ, ಕಾಯುತ್ತದೆ, ಆರುತ್ತದೆ. ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಕಾಲು ಬೆಸುಗೆಯೊಳಗೆ ಸಡಿಲವಾಗುತ್ತದೆ. ಮೇಲಿನಿಂದ ನೋಡಿದರೆ ಬೆಸುಗೆ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಸಂಪರ್ಕ ಇಲ್ಲ. ಸುಮ್ಮನೆ ಕಾವು ಕೊಟ್ಟು ಒತ್ತಿದರೆ ಸಾಲದು. ಹಳೆಯ ಸೀಸವನ್ನು ಪೂರ್ತಿ ಎಳೆದು ತೆಗೆದು, ಕಾಲನ್ನು ಕೆರೆದು ಶುಚಿ ಮಾಡಿ, ಫ್ಲಕ್ಸ್ ಹಚ್ಚಿ ಹೊಸ ಬೆಸುಗೆ ಹಾಕಬೇಕು. ಯೋಕಿನ ಕನೆಕ್ಟರಿನ ಕಾಲುಗಳಿಗೂ ಅದೇ ಉಪಚಾರ ಮಾಡಿದೆವು.

ಗೆರೆ ಬಿಚ್ಚಿಕೊಂಡಿತು, ಚಿತ್ರ ಬಂತು. ಆದರೆ ಮೇಲಿನ ಎರಡು ಬೆರಳಿನಷ್ಟು ಭಾಗ ಮಡಚಿಕೊಂಡು ಹೆಚ್ಚು ಬೆಳಗುತ್ತಿತ್ತು. ಹುಡುಗನ ಮುಖ ಮತ್ತೆ ಸಣ್ಣದಾಯಿತು. ಇದು ಕಂಡೆನ್ಸರಿನ ಕೆಲಸ. ಕಿರಣ ಕೆಳಗಿನ ಅಂಚು ಮುಟ್ಟಿ ಥಟ್ಟನೆ ಮೇಲಕ್ಕೆ ಮರಳಬೇಕಾದಾಗ ಐಸಿಗೆ ಒಂದು ಕ್ಷಣ ಹೆಚ್ಚು ವೋಲ್ಟ್ ಬೇಕು. ಅದನ್ನು ಕೂಡಿಟ್ಟು ಕೊಡುವುದು ಐಸಿಯ ಪಕ್ಕದ ಒಂದು ಎಲೆಕ್ಟ್ರೋಲಿಟಿಕ್ ಕಂಡೆನ್ಸರು, ಸಾಮಾನ್ಯವಾಗಿ 100 ಮೈಕ್ರೋಫ್ಯಾರಡ್. ಅದು ಒಣಗಿದರೆ ಕಿರಣ ಹೊತ್ತಿಗೆ ಸರಿಯಾಗಿ ಮೇಲೆ ತಲುಪುವುದಿಲ್ಲ, ಚಿತ್ರ ಮಡಚುತ್ತದೆ. ಇಂಥ ಕಂಡೆನ್ಸರಿನೊಳಗೆ ಹಸಿ ದ್ರವ ಇರುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಇಂಜಿನಿಯರುಗಳ ರೂಢಿಯ ಲೆಕ್ಕ. ಇದನ್ನೋ ಹೀಟ್‌ಸಿಂಕಿಗೆ ಅಂಟಿಸಿದಂತೆ ನಿಲ್ಲಿಸಿರುತ್ತಾರೆ. ಭೀಮೆಯ ಬಯಲಿನ ಬೇಸಿಗೆ ಬೇರೆ, ಗಾಳಿಯಾಡದ ಪೆಟ್ಟಿಗೆ ಬೇರೆ. 85 ಡಿಗ್ರಿ ತಾಳುವುದನ್ನು ತೆಗೆದು 105 ಡಿಗ್ರಿ ತಾಳುವುದನ್ನು ಹಾಕಿದೆ, ಧನ-ಋಣ ನೋಡಿ. ಮಡಿಕೆ ಹೋಯಿತು.

ಒಂದು ಕಂಡೆನ್ಸರ್ ಒಣಗಿದ ಸೆಟ್ಟಿನಲ್ಲಿ ಮಿಕ್ಕವೂ ಅದೇ ವಯಸ್ಸಿನವು. ಬಿಸಿಯ ಹತ್ತಿರ ಇರುವುದನ್ನೆಲ್ಲ ಒಮ್ಮೆಗೇ ಬದಲಾಯಿಸುವುದು ಲೇಸು. ಆದರೆ ಲೈನ್ ಟ್ರಾನ್ಸಿಸ್ಟರಿನ ಪಕ್ಕದ, 1,600 ವೋಲ್ಟ್ ಅಂತ ಬರೆದಿರುವ ಚೌಕ ಕಂಡೆನ್ಸರನ್ನು ಕೈಗೆ ಸಿಕ್ಕಿದ್ದು ಹಾಕಿ ಬದಲಾಯಿಸಕೂಡದು. ಅದರ ಬೆಲೆ ತಗ್ಗಿದರೆ ಇ.ಎಚ್.ಟಿ. ಏರುತ್ತದೆ, ಏರಿದರೆ ಟ್ಯೂಬು ಎಕ್ಸ್-ಕಿರಣ ಹೆಚ್ಚಿಗೆ ಹೊರಡಿಸುತ್ತದೆ. ಅಲ್ಲಿ ಬರೆದ ಅಂಕಿಯನ್ನೇ, ಅದೇ ದರ್ಜೆಯದನ್ನೇ ತರಬೇಕು.

ಚಿತ್ರ ನಿಂತ ಮೇಲೆ ಬಣ್ಣ ನೋಡಿದರೆ ಎಲ್ಲವೂ ನೀಲಿ-ಹಸಿರು. ಮುಸ್ತಫಾನ ಟೊಪ್ಪಿಗೆಯೇ ಹಸಿರಾಗಿತ್ತು. ಹಳದಿ ಅಂದರೆ ಕೆಂಪು ಮತ್ತು ಹಸಿರು ಸೇರಿದ್ದು, ಕೆಂಪು ಹೋದರೆ ಉಳಿಯುವುದು ಹಸಿರು. ಕೆಂಪು ಎಲ್ಲಿ ಕಳೆದುಹೋಯಿತು? ಬೋರ್ಡಿನಲ್ಲೋ, ವೈರಿನಲ್ಲೋ, ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿದ ಚಿಕ್ಕ ಬೋರ್ಡಿನಲ್ಲೋ, ಇಲ್ಲ ಟ್ಯೂಬಿನ ಗನ್ನಿನಲ್ಲೋ? ಕೊನೆಯದಾದರೆ ಮಾತ್ರ ದುಃಖದ ಮಾತು. ಕೆಂಪಿನ ವೈರನ್ನೂ ಹಸಿರಿನ ವೈರನ್ನೂ ಅದಲು ಬದಲು ಮಾಡಿದೆವು. ಆಗಲೂ ಪರದೆಯಲ್ಲಿ ಕೆಂಪು ಬರಲಿಲ್ಲ. ಹಾಗಾದರೆ ಆಟದ ಬೋರ್ಡು, ವೈರು ನಿರಪರಾಧಿಗಳು. ಆಮೇಲೆ ಕುತ್ತಿಗೆಯ ಬೋರ್ಡಿನಲ್ಲಿ ಮೂರು ಬಣ್ಣದ ಟ್ರಾನ್ಸಿಸ್ಟರುಗಳ ವೋಲ್ಟೇಜನ್ನು ಒಂದಕ್ಕೊಂದು ಹೋಲಿಸಿದರೆ ಕೆಂಪಿನದು ಮಾತ್ರ ಸಪ್ಲೈಯಷ್ಟೇ ಎತ್ತರದಲ್ಲಿ ಅಲುಗಾಡದೆ ನಿಂತಿತ್ತು. ಟ್ರಾನ್ಸಿಸ್ಟರ್ ಓಪನ್ ಆಗಿತ್ತು. ತಪಕೀರ್ ಗಲ್ಲಿಯಿಂದ ತರಿಸಿ ಹಾಕಿದೆ, ಟೊಪ್ಪಿಗೆ ಹಳದಿಯಾಯಿತು. ಮೂರು ಒಂದೇ ತರಹದ ದಾರಿಗಳಿರುವಾಗ ಸರ್ಕ್ಯೂಟಿನ ನಕ್ಷೆ ಇಲ್ಲದಿದ್ದರೂ ನಡೆಯುತ್ತದೆ. ನೆಟ್ಟಗಿರುವ ಎರಡು ಕೆಟ್ಟಿರುವ ಒಂದರ ಸುಳಿವು ಕೊಡುತ್ತವೆ.

ಒಂದು ಮೂಲೆಯಲ್ಲಿ ಮಾತ್ರ ನೇರಳೆ ಮಚ್ಚೆ ಉಳಿದಿತ್ತು. ಅದು ಸ್ಪೀಕರಿನ ಆಯಸ್ಕಾಂತದ ಕಾಟ. ಟ್ಯೂಬಿನೊಳಗೆ ಸಣ್ಣ ರಂಧ್ರಗಳ ಉಕ್ಕಿನ ಹಾಳೆ ಇದೆ, ಅದಕ್ಕೆ ಆಯಸ್ಕಾಂತದ ಗುಣ ಹತ್ತಿದರೆ ಕಿರಣ ತನ್ನ ಬಣ್ಣದ ಚುಕ್ಕೆ ಬಿಟ್ಟು ಪಕ್ಕದ್ದಕ್ಕೆ ಬೀಳುತ್ತದೆ. ಸ್ಪೀಕರನ್ನು ದೂರ ಸರಿಸಿ, ಕೈಯಲ್ಲಿ ಹಿಡಿಯುವ ಡಿಗಾಸ್ ಸುರುಳಿಯನ್ನು ಪರದೆಯ ಮುಂದೆ ವೃತ್ತಾಕಾರವಾಗಿ ಆಡಿಸುತ್ತ ಹಿಂದೆ ಹಿಂದೆ ನಡೆದು, ಮಾರುದೂರ ಹೋದ ಮೇಲೆ ಸ್ವಿಚ್ ಬಿಡಬೇಕು. ಹತ್ತಿರದಲ್ಲೇ ಬಿಟ್ಟರೆ ಮೊದಲಿಗಿಂತ ದೊಡ್ಡ ಮಚ್ಚೆ ಬೀಳುತ್ತದೆ.

ಸರಿಮಾಡಲಾಗದ್ದು ಒಂದೇ ಉಳಿಯಿತು. ಪರದೆಯ ಕೆಳಗಡೆ, ನಾಣ್ಯ ಹಾಕಿ ಅನ್ನುವ ಅಕ್ಷರಗಳು ನಿಂತ ಜಾಗದಲ್ಲಿ, ಸೆಟ್ಟು ಆರಿಸಿದಾಗಲೂ ಕಾಣುವ ಕಂದು ನೆರಳು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒಂದೇ ಅಕ್ಷರ ಉರಿದದ್ದರ ಗುರುತು. ಹುಡುಗನಿಗೆ ಅದು ಬೇಸರ ತರಲಿಲ್ಲ. “ಇರಲಿ ಬಿಡ್ರೀ ಕಾಕಾ, ಅಪ್ಪಾಜಿ ಕಾಲದ್ದು,” ಅಂದ.

ಇಷ್ಟು ಕಷ್ಟ ಯಾಕೆ, ಆ ಜಾಗಕ್ಕೆ ಒಂದು ಎಲ್‌ಇಡಿ ಪರದೆ ಕೂರಿಸಬಾರದೇ ಅಂತ ಬಹಳ ಜನ ಕೇಳುತ್ತಾರೆ. ಕೂರಿಸಬಹುದು, ಆಟ ಓಡುತ್ತದೆ. ಆದರೆ ಆ ಚಿತ್ರಗಳನ್ನು ಬರೆದವರು ಅವನ್ನು ಟ್ಯೂಬಿನ ಮೇಲೆ ನೋಡಿಯೇ ಬರೆದದ್ದು. ಸಾಲು ಸಾಲಿನ ನಡುವಿನ ಕಪ್ಪು, ಅಂಚಿನಲ್ಲಿ ಬಣ್ಣ ಒಂದಕ್ಕೊಂದು ಕರಗುವ ರೀತಿ, ಎರಡೂ ಅವರ ಲೆಕ್ಕದಲ್ಲಿದ್ದವು. ಚಪ್ಪಟೆ ಪರದೆಯಲ್ಲಿ ಅದೇ ಮುಖ ಚೌಕ ಚೌಕ ಇಟ್ಟಿಗೆಯಾಗಿ ಕಾಣುತ್ತದೆ. ಪಿಸ್ತೂಲು ಹಿಡಿದು ಬಾತುಕೋಳಿ ಹೊಡೆಯುವ ಹಳೆಯ ಆಟವಂತೂ ಮಾಮೂಲಿ ಚಪ್ಪಟೆ ಪರದೆಯಲ್ಲಿ ನಡೆಯುವುದೇ ಇಲ್ಲ. ಆ ಪಿಸ್ತೂಲಿನೊಳಗಿನ ಕಣ್ಣು ಟ್ಯೂಬಿನ ಬೆಳಕಿನ ಹೊತ್ತು ನೋಡಿ ಗುರಿ ತೀರ್ಮಾನಿಸುತ್ತದೆ. ಒಂದು ಕಾಲದ ಆಟವನ್ನು ಆ ಕಾಲದವರು ಕಂಡಂತೆ ಮುಂದಿನವರು ಕಾಣಬೇಕಾದರೆ ಟ್ಯೂಬು ಉಳಿಯಬೇಕು.

ಮತ್ತೆ ಅದು ಹುಟ್ಟುವುದಿಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ಕಪ್ಪು-ಬಿಳುಪು ಟ್ಯೂಬು ಮಾಡುತ್ತಿತ್ತು. ಗಾಜಿಯಾಬಾದಿನ ಸ್ಯಾಮ್ಟೆಲ್ ಬಣ್ಣದ ಟ್ಯೂಬು ಮಾಡುತ್ತಿತ್ತು. ಅವೆಲ್ಲ ನಿಂತವು. ಕಂಡೆನ್ಸರು, ಟ್ರಾನ್ಸಿಸ್ಟರು, ಐಸಿ ಇನ್ನೂ ಸಿಗುತ್ತವೆ. ಇಡೀ ಚಾಸಿಸ್ಸಿಗೆ ಬದಲು ಚೀನಾದ ಕಿಟ್ಟು ಬರುತ್ತದೆ. ಟ್ಯೂಬು ಮಾತ್ರ ಹಳೆಯ ಟಿವಿಯಿಂದ ಬರಬೇಕು, ಬೇರೆ ದಾರಿ ಇಲ್ಲ. ಗುಜರಿಯವರು ಯೋಕಿನ ತಾಮ್ರಕ್ಕಾಗಿ ಟ್ಯೂಬಿನ ಕುತ್ತಿಗೆಯನ್ನು ಸುತ್ತಿಗೆಯಲ್ಲಿ ಒಡೆಯುತ್ತಾರೆ. ಅಂಗೈಯಷ್ಟು ತಾಮ್ರಕ್ಕೆ ಇನ್ನೆಂದೂ ಮಾಡಲಾಗದ ವಸ್ತು ಹೋಗುತ್ತದೆ. ಒಡೆದ ಗಾಜು, ಅದರಲ್ಲಿನ ಸೀಸ, ಪರದೆಯ ಪುಡಿ ಅಲ್ಲೇ ಚರಂಡಿಯ ಬದಿ ಬಿದ್ದಿರುತ್ತವೆ. ಬಣ್ಣದ ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಸೀಸದ ಆಕ್ಸೈಡ್ ಇದೆ. ಮಳೆ ಬಂದರೆ ಅದು ಯಾವ ಹಳ್ಳಕ್ಕೆ, ಯಾವ ನದಿಗೆ ಹೋಗುತ್ತದೆ ಅನ್ನುವುದನ್ನು ಭೀಮೆಯ ನೀರು ಕುಡಿಯುವ ನಾವು ಯೋಚಿಸಬೇಕು.

ಅದಕ್ಕಾಗಿ ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಡಬ್ಬಿ ಟಿವಿ ಇದ್ದರೆ ಹಿಂಬದಿ ಕವಚ ಬಿಚ್ಚಬೇಡಿ, ಮಕ್ಕಳಿಗೂ ಬಿಚ್ಚಲು ಬಿಡಬೇಡಿ. ಊರಿನಲ್ಲಿ ಟಿವಿ ರಿಪೇರಿ ಮಾಡುವವರು ಇನ್ನೂ ಯಾರಾದರೂ ಇದ್ದರೆ ಅವರಿಗೆ ತೋರಿಸಿ, ಬೇಕಾದವರಿಗೆ ತಲುಪಿಸಿ. ಯಾರಿಗೂ ಬೇಡವಾದರೆ ನೋಂದಣಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ತೂಕಕ್ಕೆ ಹಾಕಿ ಸುತ್ತಿಗೆಯ ಬಾಯಿಗೆ ಮಾತ್ರ ಕೊಡಬೇಡಿ.